ಶಟರ್‌ನಿಂದ ಫೋನ್ ಕಡೆಗೆ: ಮೋಟಾರ್ ಶಟರ್‌ಗೆ ಸ್ಮಾರ್ಟ್ ಕಂಟ್ರೋಲ್ ಹಾಕಿದ ಮೇಲೆ ದೋಷ ಹುಡುಕುವ ಬಗೆ

ಹೋದ ಬೇಸಿಗೆಯಲ್ಲಿ ಬಳ್ಳಾರಿಯ ಬೆಂಗಳೂರು ರಸ್ತೆಯ ಒಂದು ಬಟ್ಟೆ ಅಂಗಡಿಯಿಂದ ಫೋನ್ ಬಂತು. "ಮಧ್ಯಾನ ಆದ್ರೆ ಸಾಕಣ್ಣ, ವೈಫೈ ಕೈ ಕೊಡ್ತೈತೆ. ಶಟರ್ ಅರ್ಧಕ್ಕೆ ನಿಂತ್ಬಿಡ್ತೈತೆ." ಅಷ್ಟರಲ್ಲಿ ಅವರು ರೂಟರ್ ಬದಲಿಸಿದ್ದರು. ಆ್ಯಪ್ ತೆಗೆದು ಮತ್ತೆ ಹಾಕಿದ್ದರು. ಫೋನಿನ ಆದೇಶ ಪಡೆದು ಮೋಟಾರ್ ಓಡಿಸುವ ಚಿಕ್ಕ ಡಬ್ಬಿ, ಅಂದರೆ ಸ್ಮಾರ್ಟ್ ಮಾಡ್ಯೂಲ್ ಕೂಡ ಹೊಸದು ತರಿಸಿದ್ದರು. ನಾನು ಹೋಗಿ ಮಾಡ್ಯೂಲನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ಮೋಟಾರಿಗೆ ಒಂದು ಸಾದಾ ಮೇಲೆ-ಕೆಳಗೆ ಸ್ವಿಚ್‌ನಿಂದ ಕರೆಂಟ್ ಕೊಟ್ಟೆ. ಶಟರ್ ಆಗಲೂ ಅರ್ಧಕ್ಕೇ ನಿಂತಿತು.

ಅಂಗಡಿ ಪಶ್ಚಿಮಕ್ಕೆ ಮುಖ ಮಾಡಿತ್ತು. ಮೋಟಾರ್ ಮೇಲಿನ ತಗಡಿನ ಕವರ್ ಒಳಗಿತ್ತು. ಏಪ್ರಿಲ್ ತಿಂಗಳ ಬಳ್ಳಾರಿ ಬಿಸಿಲು, 40 ಡಿಗ್ರಿ ದಾಟಿದ ದಿನಗಳು. ಶಟರ್ ಪಟ್ಟಿಗಳು ಜಾರುವ ಎರಡೂ ಕಡೆಯ ಗೈಡ್ ಚಾನೆಲ್‌ಗಳಲ್ಲಿ ಕೆಂಪು ಧೂಳು ಗ್ರೀಸ್ ಜೊತೆ ಸೇರಿ ಗಟ್ಟಿಯಾಗಿತ್ತು. ಪಟ್ಟಿಗಳು ಉಜ್ಜಿಕೊಂಡು ಏರುತ್ತಿದ್ದವು. ಮೋಟಾರ್ ಬಿಸಿಯಾಗಿ, ಅದರೊಳಗಿನ ಥರ್ಮಲ್ ಕಟ್ (ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್) ತೆರೆದುಕೊಳ್ಳುತ್ತಿತ್ತು. ವೈಫೈಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಇಂಥ ಕೆಲಸಕ್ಕೆ ಹೋದಾಗಲೆಲ್ಲ ನಾನು ಇಟ್ಟುಕೊಂಡ ಒಂದೇ ಕ್ರಮ ಇದು: ಶಟರ್‌ನಿಂದ ಶುರು ಮಾಡಿ ಫೋನ್ ಕಡೆಗೆ ಬರಬೇಕು. ಮೊದಲು ಪಟ್ಟಿ ಮತ್ತು ಚಾನೆಲ್, ಆಮೇಲೆ ಮೋಟಾರ್, ಆಮೇಲೆ ವೈರು, ಆಮೇಲೆ ಮಾಡ್ಯೂಲ್, ಕೊನೆಗೆ ವೈಫೈ ಮತ್ತು ಆ್ಯಪ್. ಕೈಯಲ್ಲಿ ಫೋನ್ ಇರುತ್ತದೆ, ದೋಷ ಕಾಣುವುದೂ ಅದರಲ್ಲೇ. ಹಾಗಾಗಿ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಅದರಿಂದ ದುಡ್ಡು, ಸಮಯ ಎರಡೂ ಹೋಗುತ್ತವೆ.

ಕೈ ಹಾಕುವ ಮುಂಚೆ

ಎಂಸಿಬಿ ಇಳಿಸಿ. ಬೋರ್ಡಿನಲ್ಲಿ ಆ ಲೈನಿನ ಕರೆಂಟ್ ಕಡಿಯುವ ಸ್ವಿಚ್ ಅದು. ಬೇರೆ ಯಾರೂ ಏರಿಸದ ಹಾಗೆ ಅದರ ಮೇಲೆ ಟೇಪ್ ಅಂಟಿಸಿ, ಅಂಗಡಿಯವರಿಗೂ ಹೇಳಿ. ಆ್ಯಪ್‌ನಲ್ಲಿ ಟೈಮರ್, ಶೆಡ್ಯೂಲ್ ಇದ್ದರೆ ಎಲ್ಲವನ್ನೂ ನಿಲ್ಲಿಸಿ. ಏಣಿ ಹತ್ತಿ ನಿಂತಾಗ ಸಂಜೆ 6ರ ಶೆಡ್ಯೂಲ್ ಬಂದು ಶಟರ್ ತಿರುಗಿದರೆ ಕೈ ಬೆರಳು ಉಳಿಯುವುದಿಲ್ಲ. ಮೋಟಾರಿನ ಕಂಡೆನ್ಸರ್‌ನಲ್ಲಿ (ಕೆಪಾಸಿಟರ್) ಕರೆಂಟ್ ಹೋದ ಮೇಲೂ ಚಾರ್ಜ್ ಇರುತ್ತದೆ. ಅದನ್ನು ಒಂದು ಹಳೆಯ ಫಿಲಮೆಂಟ್ ಬಲ್ಬಿನ ಮೂಲಕ ಖಾಲಿ ಮಾಡಿಯೇ ಮುಟ್ಟಬೇಕು. ಟ್ರಯಲ್ ನೋಡುವಾಗ ಶಟರ್ ಕೆಳಗೆ ಯಾರೂ ನಿಲ್ಲಬಾರದು, ಮಕ್ಕಳಂತೂ ಹತ್ತಿರವೇ ಇರಬಾರದು.

ಇನ್ನೊಂದು ಮಾತು. ಕೈಯಿಂದ ಎತ್ತುವ ಹಳೆಯ ಸ್ಪ್ರಿಂಗ್ ಶಟರ್‌ಗೆ ಆಮೇಲೆ ಮೋಟಾರ್ ಕೂಡಿಸಿದ್ದರೆ, ಮೇಲಿನ ಪೈಪಿನಲ್ಲಿ ಸ್ಪ್ರಿಂಗ್‌ಗಳು ಬಿಗಿಯಾಗಿ ಸುತ್ತಿಕೊಂಡೇ ಇರುತ್ತವೆ. ಅದು ಶಟರ್ ಕೆಲಸದವರು ಮುಟ್ಟಬೇಕಾದ ಜಾಗ. ಎಲೆಕ್ಟ್ರಿಕ್ ಕೆಲಸ ಎಷ್ಟೇ ಗೊತ್ತಿದ್ದರೂ ಸ್ಪ್ರಿಂಗ್ ಬಿಚ್ಚಲು ಹೋಗಬೇಡಿ.

ಎಲ್ಲಿ ನಿಲ್ಲುತ್ತದೆ, ಯಾವಾಗ ನಿಲ್ಲುತ್ತದೆ

ಉಪಕರಣ ಹೊರಗೆ ತೆಗೆಯುವ ಮುಂಚೆ ಶಟರನ್ನು ಮೂರು ಸಲ ಓಡಿಸಿ ನೋಡಿ. ಕೈಯಲ್ಲಿ ಗಡಿಯಾರ ಇರಲಿ. ನಿಲ್ಲುವ ಜಾಗಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿ.

ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಅದು ಪಟ್ಟಿ, ಚಾನೆಲ್ ಅಥವಾ ಲಿಮಿಟ್ ಸ್ವಿಚ್ (ತುದಿ ತಲುಪಿದಾಗ ಮೋಟಾರ್ ನಿಲ್ಲಿಸುವ ಸ್ವಿಚ್) ಮಾತು. ಎಲ್ಲಿಂದ ಹೊರಟರೂ ಪ್ರತಿ ಸಲ ಒಂದೇ ಸೆಕೆಂಡಿಗೆ ನಿಂತರೆ, ಉದಾಹರಣೆಗೆ ಸರಿಯಾಗಿ 30 ಸೆಕೆಂಡಿಗೆ, ಅದು ಮಾಡ್ಯೂಲ್ ಒಳಗಿನ ಸಮಯದ ಮಿತಿ. ಸೆಟ್ಟಿಂಗ್‌ನಲ್ಲಿ ಓಡುವ ಸಮಯವನ್ನು ಪೂರ್ತಿ ಓಟಕ್ಕಿಂತ ನಾಲ್ಕೈದು ಸೆಕೆಂಡ್ ಜಾಸ್ತಿ ಇಡಿ, ಅಲ್ಲಿಗೆ ಮುಗಿಯಿತು. ಜಾಗವೂ ಬೇರೆ, ಸಮಯವೂ ಬೇರೆ, ಆದರೆ ಅರ್ಧ ಗಂಟೆ ಬಿಟ್ಟರೆ ಮತ್ತೆ ಓಡುತ್ತದೆ ಅಂದರೆ ಅದು ಬಿಸಿ. ಮನೆಯ ಕಿಟಕಿ ಶಟರ್‌ಗಳ ಕೊಳವೆ ಮೋಟಾರ್‌ಗಳು (ಶಟರ್ ಸುತ್ತುವ ಪೈಪಿನ ಒಳಗೇ ಕೂರುವಂಥವು) ಸಾಮಾನ್ಯವಾಗಿ ಒಂದೇ ಸಮನೆ 4 ನಿಮಿಷ ಓಡಲು ಮಾಡಿದಂಥವು. ಗ್ರಾಹಕರಿಗೆ ತೋರಿಸಲು ಮೇಲೆ-ಕೆಳಗೆ, ಮೇಲೆ-ಕೆಳಗೆ ಅಂತ ಹತ್ತು ಸಲ ಓಡಿಸಿದರೆ ಹೊಸ ಮೋಟಾರ್ ಕೂಡ ನಿಂತುಬಿಡುತ್ತದೆ. ಕೆಟ್ಟಿದೆ ಅಂತ ಬಿಚ್ಚಬೇಡಿ, ತಣ್ಣಗಾಗಲು ಬಿಡಿ.

ಧೂಳು, ಗ್ರೀಸು, ಬೀಗ

ನಮ್ಮ ಕಡೆ ಧೂಳಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಧೂಳು ಮಾಮೂಲಿ ಮಣ್ಣಿನಂತೆ ಅಲ್ಲ. ಅದು ಕಬ್ಬಿಣದ ಅದಿರು, ಭಾರ ಜಾಸ್ತಿ, ಉಜ್ಜುವ ಗುಣ ಇದೆ. ಚಾನೆಲ್‌ಗೆ ಗ್ರೀಸ್ ಹಚ್ಚಿದರೆ ಧೂಳು ಅದಕ್ಕೇ ಹಿಡಿದುಕೊಂಡು ಅರದ ಥರ ಆಗುತ್ತದೆ. ಎರಡು ತಿಂಗಳಲ್ಲಿ ಪಟ್ಟಿಯ ಅಂಚು ಹೊಳೆಯಲು ಶುರುವಾದರೆ ಅದು ಸವೆಯುತ್ತಿದೆ ಅಂತ ಅರ್ಥ. ಚಾನೆಲನ್ನು ಒಣ ಬ್ರಷ್‌ನಿಂದ ತಿಕ್ಕಿ, ಹಳೆಯ ಗ್ರೀಸನ್ನು ಬಟ್ಟೆಯಿಂದ ಪೂರ್ತಿ ಒರೆಸಿ, ಒಣಗುವ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಗ್ರೀಸ್ ಬೇಕಾದದ್ದು ಸೈಡ್ ಮೋಟಾರಿನ (ಪೈಪಿನ ಪಕ್ಕದಲ್ಲಿ ಕೂರುವ ಮೋಟಾರ್) ಚೈನ್ ಮತ್ತು ಬೇರಿಂಗ್‌ಗೆ ಮಾತ್ರ.

ಆಮೇಲೆ ಕರೆಂಟ್ ಇಲ್ಲದೆ ಕೈಯಿಂದ ಓಡಿಸಿ. ಅಂಗಡಿ ಶಟರ್‌ಗಳ ಸೈಡ್ ಮೋಟಾರ್‌ನಲ್ಲಿ ಕೈ ಚೈನ್ ನೇತಾಡುತ್ತಿರುತ್ತದೆ. ಅದನ್ನು ಎಳೆಯುವಾಗ ಕೈಗೆ ಒಂದೇ ಸಮನಾದ ಭಾರ ಸಿಗಬೇಕು. ಒಂದು ಕಡೆ ಮಾತ್ರ ಬಿಗಿಯಾದರೆ ಅಲ್ಲಿ ಪಟ್ಟಿ ಬಗ್ಗಿದೆ, ಇಲ್ಲವೇ ಚಾನೆಲ್ ಒಳಕ್ಕೆ ಒತ್ತಿಕೊಂಡಿದೆ. ಆಟೋ ತಾಗಿ ಬಗ್ಗಿದ ಚಾನೆಲ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇಷ್ಟರಲ್ಲೇ ದೋಷ ಸಿಕ್ಕರೆ ವೈರು ಮುಟ್ಟುವ ಅಗತ್ಯವೇ ಇಲ್ಲ.

ಕೆಳಗಿನ ಬೀಗವನ್ನೂ ನೋಡಿ. ಶಟರ್‌ಗೆ ಮೋಟಾರ್ ಬಂದರೂ ನಮ್ಮ ಅಂಗಡಿಯವರಿಗೆ ಕೆಳಗೆ ಬೀಗ ಹಾಕದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಹಾಕಲಿ, ತಪ್ಪಿಲ್ಲ. ಆದರೆ ಬೆಳಗ್ಗೆ ಮನೆಯಿಂದ ಹೊರಡುವಾಗಲೇ ಮಗ ಫೋನ್‌ನಿಂದ ತೆರೆ ಅಂತ ಒತ್ತುತ್ತಾನೆ. ಅಪ್ಪನ ಬೀಗ ಕೆಳಗೆ ಹಾಗೇ ಇರುತ್ತದೆ. ಮೋಟಾರ್ ಎಳೆಯುತ್ತದೆ, ಕೆಳಗಿನ ಪಟ್ಟಿ ಬಿಲ್ಲಿನ ಹಾಗೆ ಬಗ್ಗುತ್ತದೆ. ಬೀಗದ ಕಡ್ಡಿ ಕೂರುವ ಜಾಗದಲ್ಲಿ ಒಂದು ಚಿಕ್ಕ ಮೈಕ್ರೋ ಸ್ವಿಚ್ ಇಟ್ಟು, ಬೀಗ ಬಿದ್ದಾಗ ಮೇಲೆ ಹೋಗುವ ಕಮಾಂಡ್ ಕಟ್ ಆಗುವ ಹಾಗೆ ಮಾಡಬಹುದು. ನಾನು ಈಗ ಪ್ರತಿ ಅಂಗಡಿಯಲ್ಲೂ ಇದನ್ನು ಹಾಕುತ್ತೇನೆ.

ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ಮೋಟಾರ್ ಸದ್ದು ಮಾಡಿ ತಿರುಗದಿದ್ದರೆ ಮೊದಲ ಅನುಮಾನ ಕಂಡೆನ್ಸರ್ ಮೇಲೆ. ಫ್ಯಾನ್ ಕಂಡೆನ್ಸರ್ ಹೋದಾಗ ರೆಕ್ಕೆಯನ್ನು ಬೆರಳಿನಿಂದ ತಳ್ಳಿದರೆ ತಿರುಗುತ್ತದೆ ಅಲ್ವಾ, ಇದೂ ಹಾಗೆಯೇ. ಸಿಂಗಲ್ ಫೇಸ್ ಮೋಟಾರ್‌ಗೆ ತಿರುಗುವ ದಿಕ್ಕು ಕೊಡುವುದೇ ಕಂಡೆನ್ಸರ್. ಮೀಟರ್‌ನಲ್ಲಿ ಮೈಕ್ರೋಫ್ಯಾರಡ್ ಅಳೆಯಿರಿ. ಅದರ ಮೇಲೆ ಬರೆದ ಮೈಕ್ರೋಫ್ಯಾರಡ್‌ಗಿಂತ ನೂರಕ್ಕೆ 10ಕ್ಕೂ ಜಾಸ್ತಿ ಇಳಿದಿದ್ದರೆ ಬದಲಿಸಿ. ಅದೇ ಮೈಕ್ರೋಫ್ಯಾರಡ್, ಅದೇ ವೋಲ್ಟೇಜ್ ಇರಲಿ. ದೊಡ್ಡದು ಹಾಕಿದರೆ ಶಕ್ತಿ ಬರುತ್ತದೆ ಅನ್ನುವುದು ತಪ್ಪು, ಮೋಟಾರ್ ಬಿಸಿಯಾಗುತ್ತದೆ ಅಷ್ಟೇ.

ಕಂಡೆನ್ಸರ್ ಸರಿ ಇದ್ದರೆ ವೋಲ್ಟೇಜ್ ನೋಡಿ. ಮೋಟಾರ್ ಓಡುವಾಗ, ಮೋಟಾರಿನ ತುದಿಯಲ್ಲೇ ಅಳೆಯಬೇಕು. ಸುಮ್ನೆ ನಿಂತಾಗ 225 ತೋರಿಸಿ, ಓಡಿಸಿದ ಕೂಡಲೇ 180ಕ್ಕೆ ಬೀಳುವ ಕಡೆಗಳಿವೆ. ಮೋಟಾರಿನ ಎತ್ತುವ ಬಲ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. 230ಕ್ಕೆ ಸಿಗುವ ಬಲದಲ್ಲಿ 180 ವೋಲ್ಟಿಗೆ ಸಿಗುವುದು ನೂರಕ್ಕೆ 61 ಮಾತ್ರ. ಉದ್ದ ಎಳೆದ ತೆಳು ವೈರು, ಸಡಿಲ ಕನೆಕ್ಟರ್, ಒಂದೇ ಲೈನಿನಲ್ಲಿ ಎಸಿ, ಇವನ್ನು ಸರಿ ಮಾಡಿದರೆ ಅರ್ಧ ಮೋಟಾರ್‌ಗಳು ತಾವಾಗೇ ಸರಿಯಾಗುತ್ತವೆ.

ಸೈಡ್ ಮೋಟಾರ್‌ನಲ್ಲಿ ಇನ್ನೊಂದಿದೆ: ಬ್ರೇಕ್. ಕರೆಂಟ್ ಬಂದಾಗ ಟಕ್ ಅಂತ ಬ್ರೇಕ್ ಬಿಡುವ ಸದ್ದು ಕೇಳಬೇಕು. ಆ ಸದ್ದು ಇಲ್ಲದೆ ಬರೀ ಗುಂಯ್ ಇದ್ದರೆ ಬ್ರೇಕ್ ಕಾಯಿಲ್ ನೋಡಿ.

ನಾಲ್ಕು ವೈರುಗಳ ಕಥೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹೆಚ್ಚಿನ ಮಾಡ್ಯೂಲ್‌ಗಳು ಸುಡುವುದು ಇಲ್ಲೇ.

ಕೊಳವೆ ಮೋಟಾರಿನಿಂದ ಸಾಮಾನ್ಯವಾಗಿ ನಾಲ್ಕು ವೈರು ಬರುತ್ತವೆ. ನೀಲಿ ನ್ಯೂಟ್ರಲ್, ಹಳದಿ-ಹಸಿರು ಅರ್ಥ್, ಉಳಿದ ಕಪ್ಪು ಮತ್ತು ಕಂದು ಎರಡು ದಿಕ್ಕುಗಳಿಗೆ. ಮೂರೇ ವೈರು ಇದ್ದರೆ ರೇಡಿಯೋ ರಿಸೀವರ್ ಮೋಟಾರ್ ಒಳಗೇ ಇದೆ. ಅದಕ್ಕೆ ದಿಕ್ಕಿಗೊಂದರಂತೆ ಎರಡು ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್) ಇರುವ ಮಾಡ್ಯೂಲ್ ಜೋಡಿಸಲು ಆಗುವುದಿಲ್ಲ.

ಶಟರನ್ನು ಮಧ್ಯದಲ್ಲಿ ನಿಲ್ಲಿಸಿ, ಕರೆಂಟ್ ತೆಗೆದು, ಮೋಟಾರ್ ವೈರುಗಳನ್ನು ಬಿಡಿಸಿ ಓಮ್ ಅಳೆಯಿರಿ. ನೀಲಿಯಿಂದ ಕಪ್ಪಿಗೆ ಮತ್ತು ನೀಲಿಯಿಂದ ಕಂದಿಗೆ ಹೆಚ್ಚು ಕಡಿಮೆ ಒಂದೇ ಓಮ್ ಬರಬೇಕು. ಕಪ್ಪಿನಿಂದ ಕಂದಿಗೆ ಅವೆರಡರ ಮೊತ್ತ ಬರಬೇಕು. ನೀಲಿಯಿಂದ ಎರಡಕ್ಕೂ ಏನೂ ಬರದಿದ್ದರೆ, ಆದರೆ ಕಪ್ಪು-ಕಂದು ನಡುವೆ ಬಂದರೆ, ಥರ್ಮಲ್ ಕಟ್ ತೆರೆದಿದೆ. ತಣ್ಣಗಾದ ಮೇಲೆ ಮತ್ತೆ ಅಳೆಯಿರಿ. ಒಂದು ದಿಕ್ಕಿಗೆ ಮಾತ್ರ ಬರದಿದ್ದರೆ ಆ ದಿಕ್ಕಿನ ಲಿಮಿಟ್ ಸ್ವಿಚ್ ತೆರೆದಿದೆ. ಮಧ್ಯದಲ್ಲಿ ನಿಲ್ಲಿಸಿ ಅಂತ ಹೇಳಿದ್ದು ಇದಕ್ಕೇ. ಪೂರ್ತಿ ಕೆಳಗಿದ್ದಾಗ ಕೆಳಗಿನ ದಿಕ್ಕಿನ ಲಿಮಿಟ್ ತೆರೆದಿರುವುದು ಸಹಜ. ಅದನ್ನೇ ಕೆಟ್ಟಿದೆ ಅಂದುಕೊಂಡು ಒಳ್ಳೆಯ ಮೋಟಾರ್ ಬಿಸಾಡಿದವರೂ ಇದ್ದಾರೆ.

ಈಗ ಮುಖ್ಯವಾದ ಮಾತು. ಮೋಟಾರ್ ಮೇಲಕ್ಕೆ ಓಡುವಾಗ ಕೆಳಗಿನ ದಿಕ್ಕಿನ ವೈರಿಗೆ ಟೆಸ್ಟರ್ ಇಟ್ಟರೆ ಅದು ಉರಿಯುತ್ತದೆ. ಮೀಟರ್ ಇಟ್ಟರೆ 230ಕ್ಕಿಂತಲೂ ಜಾಸ್ತಿ, ಕೆಲವು ಸಲ 300 ದಾಟಿ ತೋರಿಸುತ್ತದೆ. ಮಾಡ್ಯೂಲ್ ಎರಡೂ ಕಡೆ ಕರೆಂಟ್ ಕೊಡುತ್ತಿದೆ ಅಂತ ಗಾಬರಿಯಾಗಬೇಡಿ. ಮೋಟಾರಿನೊಳಗಿನ ಎರಡು ವೈಂಡಿಂಗ್‌ಗಳ (ತಂತಿ ಸುರುಳಿ) ನಡುವೆ ಕಂಡೆನ್ಸರ್ ಕೂತಿದೆ. ಒಂದಕ್ಕೆ ಕರೆಂಟ್ ಕೊಟ್ಟರೆ ಇನ್ನೊಂದರಲ್ಲಿ ವೋಲ್ಟೇಜ್ ಹುಟ್ಟಲೇಬೇಕು. ಮೋಟಾರ್ ತಿರುಗುವುದೇ ಅದರಿಂದ.

ಈ ಒಂದು ವಿಷಯದಿಂದ ಮೂರು ದೋಷಗಳು ಅರ್ಥವಾಗುತ್ತವೆ. ಮೊದಲನೆಯದು, ಎರಡು ಮೋಟಾರ್‌ಗಳನ್ನು ಒಂದೇ ಮಾಡ್ಯೂಲ್‌ಗೆ ಪ್ಯಾರಲಲ್ ಆಗಿ ಕೊಟ್ಟಿರುವುದು. ಒಂದು ಮೋಟಾರ್ ಮೊದಲು ಮೇಲೆ ತಲುಪಿ ನಿಲ್ಲುತ್ತದೆ. ಇನ್ನೂ ಓಡುತ್ತಿರುವ ಮೋಟಾರಿನಿಂದ ಕೆಳಗಿನ ವೈರಿಗೆ ಹಿಂದಕ್ಕೆ ಬಂದ ವೋಲ್ಟೇಜ್ ನಿಂತ ಮೋಟಾರನ್ನು ಸ್ವಲ್ಪ ಕೆಳಗೆ ತಿರುಗಿಸುತ್ತದೆ. ಅದು ಕೆಳಗೆ, ಮೇಲೆ, ಕೆಳಗೆ ಅಂತ ನಡುಗುತ್ತದೆ. ಲಿಮಿಟ್ ಸ್ವಿಚ್‌ಗಳು ಸುಡುತ್ತವೆ. ಪ್ರತಿ ಮೋಟಾರಿಗೆ ಒಂದು ಮಾಡ್ಯೂಲ್ ಇರಬೇಕು, ಇಲ್ಲವೇ ನಡುವೆ ಬೇರ್ಪಡಿಸುವ ರಿಲೇ ಇರಬೇಕು. ಎರಡನೆಯದು, ಹಳೆಯ ಗೋಡೆ ಸ್ವಿಚ್ಚನ್ನು ಮಾಡ್ಯೂಲಿನ ಔಟ್‌ಪುಟ್‌ಗೇ ಸೇರಿಸಿರುವುದು. ಫೋನ್‌ನಿಂದ ಮೇಲೆ, ಗೋಡೆಯಿಂದ ಕೆಳಗೆ ಒಟ್ಟಿಗೆ ಬಂದರೆ ಎರಡೂ ವೈಂಡಿಂಗ್‌ಗೆ ಒಮ್ಮೆಗೇ ಕರೆಂಟ್ ಬಂದು ಮೋಟಾರ್ ಕಾದು ಹೋಗುತ್ತದೆ, ರಿಲೇ ಕೂಡ ಹೋಗುತ್ತದೆ. ಗೋಡೆ ಸ್ವಿಚ್ ಮಾಡ್ಯೂಲಿನ ಇನ್‌ಪುಟ್‌ಗೆ ಹೋಗಬೇಕು, ಮೋಟಾರಿಗೆ ನೇರ ಹೋಗಬಾರದು. ಮೂರನೆಯದು, ಒಂದು ದಿಕ್ಕಿನಿಂದ ಇನ್ನೊಂದಕ್ಕೆ ನಡುವೆ ಬಿಡುವಿಲ್ಲದೆ ತಿರುಗಿಸುವುದು. ಕನಿಷ್ಠ ಅರ್ಧ ಸೆಕೆಂಡ್ ಬಿಡುವು ಇರಲಿ. ನಾನು ಒಂದು ಸೆಕೆಂಡ್ ಇಡುತ್ತೇನೆ.

ಮಾಡ್ಯೂಲ್ ಸರಿ ಇದೆಯೇ ಅಂತ ನೋಡಲು ಎರಡು ಫಿಲಮೆಂಟ್ ಬಲ್ಬ್ ಸಾಕು. ಮೋಟಾರ್ ಬಿಡಿಸಿ, ಮೇಲಿನ ದಿಕ್ಕಿಗೆ ಒಂದು ಬಲ್ಬ್, ಕೆಳಗಿನ ದಿಕ್ಕಿಗೆ ಒಂದು ಬಲ್ಬ್ ಹಾಕಿ. ಎಲ್‌ಇಡಿ ಬೇಡ, ಅದು ಪಕ್ಕದ ವೈರಿನಿಂದ ಹುಟ್ಟುವ ಬಲವಿಲ್ಲದ ಸುಳ್ಳು ವೋಲ್ಟೇಜಿಗೂ ಮಿಣುಕುತ್ತದೆ. ಫೋನ್‌ನಲ್ಲಿ ಮೇಲೆ ಒತ್ತಿ, ಒಂದು ಉರಿಯಬೇಕು. ಕೆಳಗೆ ಒತ್ತಿ, ಅದು ಆರಿ, ಸ್ವಲ್ಪ ಬಿಡುವಿನ ನಂತರ ಇನ್ನೊಂದು ಉರಿಯಬೇಕು. ಎರಡೂ ಒಟ್ಟಿಗೆ ಉರಿದರೆ ಅಲ್ಲೇ ನಿಲ್ಲಿಸಿ. ಮಾಡ್ಯೂಲ್ ಲೈಟ್ ಮೋಡ್‌ನಲ್ಲಿದೆ, ಶಟರ್ ಮೋಡ್‌ನಲ್ಲಿಲ್ಲ. ಎರಡು ಚಾನೆಲ್‌ನ ಕೆಲವು ಮಾಡ್ಯೂಲ್‌ಗಳು ಪೆಟ್ಟಿಗೆಯಿಂದ ಬರುವುದೇ ಲೈಟ್ ಮೋಡ್‌ನಲ್ಲಿ. ರೀಸೆಟ್ ಮಾಡಿದರೂ ಅದಕ್ಕೇ ಮರಳುತ್ತವೆ. ಆ ಸ್ಥಿತಿಯಲ್ಲಿ ಯಾರಾದರೂ ಮನೆಯ ಸ್ಮಾರ್ಟ್ ಸ್ಪೀಕರ್‌ಗೆ "ಎಲ್ಲಾ ಆನ್ ಮಾಡು" ಅಂದರೆ ಸಾಕು, ಎರಡೂ ದಿಕ್ಕಿಗೆ ಒಮ್ಮೆಗೇ ಕರೆಂಟ್ ಹೋಗುತ್ತದೆ.

ಬಲ್ಬ್ ಆರಲೇ ಇಲ್ಲ, ಆಫ್ ಒತ್ತಿದರೂ ಉರಿಯುತ್ತಿದೆ ಅಂದರೆ ರಿಲೇಯ ತುದಿಗಳು ಬೆಸೆದುಕೊಂಡಿವೆ. ಮಾಡ್ಯೂಲ್ ಬದಲಿಸುವಾಗ ಪ್ರತಿ ದಿಕ್ಕಿನ ವೈರಿಗೂ ನ್ಯೂಟ್ರಲ್‌ಗೂ ನಡುವೆ ಒಂದೊಂದು ಆರ್‌ಸಿ ಸ್ನಬರ್ ಹಾಕಿ. 0.1 ಮೈಕ್ರೋಫ್ಯಾರಡ್, 100ರಿಂದ 120 ಓಮ್‌ನದು ಸಿಗುತ್ತದೆ. ರಿಲೇ ಬಿಡುವಾಗ ಹುಟ್ಟುವ ಕಿಡಿಯನ್ನು ಅದು ನುಂಗುತ್ತದೆ.

ದೊಡ್ಡ ಶಟರ್, ಕಂಟ್ರೋಲ್ ಬಾಕ್ಸ್, ತ್ರೀ ಫೇಸ್

300, 600 ಕಿಲೋ ಎತ್ತುವ ಸೈಡ್ ಮೋಟಾರ್‌ಗಳಿಗೆ ಸ್ಮಾರ್ಟ್ ಮಾಡ್ಯೂಲನ್ನು ನೇರವಾಗಿ ಜೋಡಿಸಬಾರದು. ಅವಕ್ಕೆ ತಮ್ಮದೇ ಕಂಟ್ರೋಲ್ ಬಾಕ್ಸ್ ಇರುತ್ತದೆ. ಗೋಡೆಯ ಮೇಲಿನ ಮೂರು ಬಟನ್ ಬರುವ ಜಾಗಕ್ಕೆ ಮಾಡ್ಯೂಲ್ ಸೇರಿಸಬೇಕು. ಅಲ್ಲಿ ಬೇಕಾದದ್ದು ಡ್ರೈ ಕಾಂಟ್ಯಾಕ್ಟ್. ಅಂದರೆ ಕರೆಂಟ್ ಕೊಡದೆ ಬಟನ್‌ನಂತೆ ಸುಮ್ನೆ ಎರಡು ವೈರು ಕೂಡಿಸುವ ರಿಲೇ. ಬಾಕ್ಸ್ ಒಳಗೆ ಆ ವೈರುಗಳಲ್ಲಿ 12 ಅಥವಾ 24 ವೋಲ್ಟ್ ಇರಬಹುದು. ಕೆಲವು ಮಾಡ್ಯೂಲ್‌ಗಳು ಔಟ್‌ಪುಟ್‌ನಲ್ಲಿ 230 ವೋಲ್ಟ್ ಕೊಡುತ್ತವೆ. ಈ ಕೆಲಸ ಶುರು ಮಾಡಿದ ಹೊಸತರಲ್ಲಿ ನಾನು ಅಳೆಯದೆ ಜೋಡಿಸಿ ಒಂದು ಬೋರ್ಡ್ ಸುಟ್ಟಿದ್ದೇನೆ. ಅದರ ದುಡ್ಡು ನಾನೇ ಕೊಟ್ಟೆ. ಅಂದಿನಿಂದ ಮೊದಲು ಮೀಟರ್, ಆಮೇಲೆ ಸ್ಕ್ರೂಡ್ರೈವರ್.

ಬಟನ್ ಬದಲಿಗೆ ಹಾಕಿದ ರಿಲೇ ಅರ್ಧ ಸೆಕೆಂಡ್ ಕೂಡಿ ಬಿಡಬೇಕು. ಹಿಡಿದುಕೊಂಡೇ ಇದ್ದರೆ ಗೋಡೆಯ ಸ್ಟಾಪ್ ಬಟನ್ ಕೆಲಸ ಮಾಡದೆ ಹೋಗಬಹುದು. ಸ್ಟಾಪ್ ಕೆಲಸ ಮಾಡುವುದನ್ನು ಪ್ರತಿ ಸಲ ಕೈಯಾರೆ ಒತ್ತಿ ನೋಡಿ.

ತ್ರೀ ಫೇಸ್ ಮೋಟಾರ್‌ನ ಒಂದು ದೋಷವನ್ನು ನಾನು ಯಾರಿಗೂ ಬಯಸುವುದಿಲ್ಲ. ಮುಂಡರಗಿ ಕಡೆಯ ಒಂದು ಜೀನ್ಸ್ ಗೋದಾಮಿನಲ್ಲಿ ರಾತ್ರಿ ಲೈನ್ ರಿಪೇರಿ ನಡೆದಿತ್ತು. ಬೆಳಗ್ಗೆ ಮೇಲೆ ಒತ್ತಿದರೆ ಶಟರ್ ಕೆಳಗೆ ಹೋಗಲು ನೋಡಿತು. ಅದು ಆಗಲೇ ಕೆಳಗಿತ್ತು. ಕೆಳಗಿನ ಲಿಮಿಟ್ ಅದನ್ನು ನಿಲ್ಲಿಸಲಿಲ್ಲ, ಪಟ್ಟಿಗಳು ಪೈಪಿನಿಂದ ಬಿಚ್ಚಿಕೊಂಡು ಒಳಗೆ ಮಡಚಿ ಬಿದ್ದವು. ಅಲ್ಲಿದ್ದವರು ಆ್ಯಪ್ ಉಲ್ಟಾ ಆಗಿದೆ ಅಂದುಕೊಂಡು ಇನ್ನೂ ಎರಡು ಸಲ ಒತ್ತಿದ್ದರು.

ಆದದ್ದು ಇಷ್ಟು. ಎರಡು ಫೇಸ್ ಅದಲು ಬದಲಾದರೆ ತ್ರೀ ಫೇಸ್ ಮೋಟಾರ್ ಉಲ್ಟಾ ತಿರುಗುತ್ತದೆ. ಆದರೆ ಲಿಮಿಟ್ ಸ್ವಿಚ್‌ಗಳಿಗೆ ಅದು ಗೊತ್ತಿಲ್ಲ. ಮೇಲಿನ ಲಿಮಿಟ್ ಮೇಲಿನ ದಿಕ್ಕಿನ ಕಾಂಟ್ಯಾಕ್ಟರನ್ನು (ಮೋಟಾರಿಗೆ ಕರೆಂಟ್ ಬಿಡುವ ದೊಡ್ಡ ರಿಲೇ) ಮಾತ್ರ ಕಟ್ ಮಾಡುತ್ತದೆ. ಮೇಲಿನ ಕಾಂಟ್ಯಾಕ್ಟರ್ ಹಿಡಿದಿರುವಾಗ ಶಟರ್ ಕೆಳಗೆ ಹೋದರೆ ಕೆಳಗಿನ ಲಿಮಿಟ್ ಒತ್ತಿದರೂ ಏನೂ ಆಗುವುದಿಲ್ಲ. ಹಾಗಾಗಿ ತ್ರೀ ಫೇಸ್ ಶಟರ್ ಉಲ್ಟಾ ಓಡಿದ ಮೊದಲ ಕ್ಷಣಕ್ಕೇ ಐಸೋಲೇಟರ್ (ಮೇನ್ ಸ್ವಿಚ್) ಎಳೆಯಿರಿ. ಆ್ಯಪ್‌ನಲ್ಲಿ ದಿಕ್ಕು ಬದಲಿಸುವ ಆಯ್ಕೆ ಕಂಡರೂ ಮುಟ್ಟಬೇಡಿ. ಒಳಬರುವ ಮೂರರಲ್ಲಿ ಯಾವುದಾದರೂ ಎರಡು ಫೇಸ್ ಅದಲು ಬದಲು ಮಾಡಿಸಿ. ಜೊತೆಗೆ ಒಂದು ಫೇಸ್ ಸೀಕ್ವೆನ್ಸ್ ರಿಲೇ ಹಾಕಿಸಿ. ಕ್ರಮ ತಪ್ಪಿದರೆ ಅದು ಮೋಟಾರಿಗೆ ಕರೆಂಟನ್ನೇ ಬಿಡುವುದಿಲ್ಲ. ಹೊಸ ಶಟರಿನ ಬೆಲೆಯ ಮುಂದೆ ಅದು ಏನೂ ಅಲ್ಲ.

ರಾತ್ರಿ ತಾನಾಗೇ ತೆರೆದುಕೊಳ್ಳುವ ಶಟರ್

ಕೌಲ್ ಬಜಾರ್‌ನ ಒಂದು ಹೊಲಿಗೆ ಘಟಕದವರು ಇದನ್ನು ಹೇಳಿದಾಗ ಮೊದಲು ನನಗೂ ಹೆದರಿಕೆಯಾಯಿತು. ಒಳಗೆ ಲಕ್ಷಾಂತರ ರೂಪಾಯಿಯ ಬಟ್ಟೆ. ಬೆಳಗ್ಗೆ ಬಂದು ನೋಡಿದರೆ ಶಟರ್ ಮೊಣಕಾಲೆತ್ತರಕ್ಕೆ ತೆರೆದಿದೆ. ಆ್ಯಪ್‌ನ ದಾಖಲೆಯಲ್ಲಿ ಯಾರೂ ಒತ್ತಿದ ಗುರುತಿಲ್ಲ.

ಇಂಥ ಕಡೆ ಮೂರು ಬಾಗಿಲು ತಟ್ಟಬೇಕು. ಒಂದು, ಕರೆಂಟ್ ಹೋಗಿ ಬಂದಾಗ ರಿಲೇ ಯಾವ ಸ್ಥಿತಿಗೆ ಬರುತ್ತದೆ. "ಹಿಂದಿನ ಸ್ಥಿತಿ" ಅಂತ ಇದ್ದರೆ "ಆಫ್" ಮಾಡಿ. ಎರಡು, ಹಳೆಯ 433 ಮೆಗಾಹರ್ಟ್ಸ್ ರಿಮೋಟ್. ಕೋಡ್ ಬದಲಾಗದ ರಿಮೋಟ್ ಆದರೆ ಬೇರೊಂದು ರಿಮೋಟಿಗೂ ಅದು ತೆರೆದುಕೊಳ್ಳಬಹುದು. ಸ್ಮಾರ್ಟ್ ಕಂಟ್ರೋಲ್ ಹಾಕಿದ ಮೇಲೂ ಆ ರಿಸೀವರ್ ಒಳಗೆ ಜೀವಂತವಾಗಿಯೇ ಇರುತ್ತದೆ. ಅದನ್ನು ಬಿಡಿಸಿ, ಅಥವಾ ಪ್ರತಿ ಸಲ ಕೋಡ್ ಬದಲಾಗುವ ರಿಮೋಟ್ ತನ್ನಿ. ಮೂರನೆಯದು, ಗೋಡೆ ಸ್ವಿಚ್ಚಿನ ವೈರು.

ಕೌಲ್ ಬಜಾರ್‌ನಲ್ಲಿ ಸಿಕ್ಕಿದ್ದು ಮೂರನೆಯದು. ಸ್ವಿಚ್‌ನಿಂದ ಮಾಡ್ಯೂಲಿಗೆ ಸುಮಾರು 20 ಮೀಟರ್ ವೈರು, ಹೊಲಿಗೆ ಮೆಷಿನ್‌ಗಳ ಲೈನಿನ ಜೊತೆ ಒಂದೇ ಪೈಪಿನಲ್ಲಿ ಬಂದಿತ್ತು. ಪಕ್ಕದ ವೈರಿನಿಂದ ಇದರಲ್ಲಿ ಸುಳ್ಳು ವೋಲ್ಟೇಜ್ ಹುಟ್ಟುತ್ತಿತ್ತು. ಸ್ವಿಚ್ ತೆರೆದಿದ್ದರೂ ಮೀಟರ್ 80 ವೋಲ್ಟ್ ತೋರಿಸಿತು. ಅಲ್ಲಿಗೇ ಫಿಲಮೆಂಟ್ ಬಲ್ಬ್ ಹಿಡಿದರೆ ಉರಿಯಲಿಲ್ಲ, ಮೀಟರ್ ಕೂಡ ಸೊನ್ನೆಗೆ ಬಿತ್ತು. ಬಲವಿಲ್ಲದ ವೋಲ್ಟೇಜ್, ಆದರೆ ಮಾಡ್ಯೂಲಿನ ಇನ್‌ಪುಟ್‌ಗೆ ಯಾರೋ ಬಟನ್ ಒತ್ತಿದಂತೆ ಅನಿಸಲು ಅಷ್ಟು ಸಾಕು. ರಾತ್ರಿ ಪಾಳಿಯಲ್ಲಿ ಮೆಷಿನ್‌ಗಳು ಆನ್ ಆಫ್ ಆದಾಗ ಶಟರ್ ಸ್ವಲ್ಪ ಸ್ವಲ್ಪ ಏರುತ್ತಿತ್ತು. ವೈರನ್ನು ಬೇರೆ ಪೈಪಿನಲ್ಲಿ ಎಳೆದು, ಸ್ವಿಚ್‌ಗೂ ಮಾಡ್ಯೂಲಿಗೂ ನಡುವೆ ಒಂದು 230 ವೋಲ್ಟ್ ಕಾಯಿಲ್ ರಿಲೇ ಹಾಕಿದೆ. ಸುಳ್ಳು ವೋಲ್ಟೇಜಿಗೆ ಆ ಕಾಯಿಲ್ ಎಳೆಯುವ ಶಕ್ತಿ ಇಲ್ಲ. ಆಮೇಲೆ ಶಟರ್ ತಾನಾಗಿ ಏಳಲಿಲ್ಲ.

50 ಅಂದರೆ ಅರ್ಧ ಅಲ್ಲ

ಆ್ಯಪ್‌ನಲ್ಲಿ 50 ಇಟ್ಟರೆ ಶಟರ್ ಸರಿಯಾಗಿ ಅರ್ಧಕ್ಕೆ ನಿಲ್ಲುವುದಿಲ್ಲ ಅನ್ನುವ ದೂರು ತುಂಬ ಬರುತ್ತದೆ. ಇದು ದೋಷವಲ್ಲ. ಮಾಡ್ಯೂಲಿಗೆ ಗೊತ್ತಿರುವುದು ಸಮಯ ಮಾತ್ರ. ಶಟರ್ ಮೇಲೆ ಸುತ್ತಿಕೊಂಡಂತೆ ಸುರುಳಿ ದಪ್ಪವಾಗುತ್ತದೆ, ಒಂದು ಸುತ್ತಿಗೆ ಜಾಸ್ತಿ ಪಟ್ಟಿ ಎಳೆದುಕೊಳ್ಳುತ್ತದೆ. ಹಾಗಾಗಿ ಮೇಲಿನ ಅರ್ಧ ಬೇಗ ಮುಗಿಯುತ್ತದೆ. ಏರುವ ಸಮಯ ಮತ್ತು ಇಳಿಯುವ ಸಮಯವನ್ನು ಬೇರೆ ಬೇರೆಯಾಗಿ ಅಳೆದು ಹಾಕಿ. ದಿನಕ್ಕೆ ಒಮ್ಮೆಯಾದರೂ ಪೂರ್ತಿ ಮುಚ್ಚಿ ಅಥವಾ ತೆರೆಯಿರಿ, ಆಗ ಲೆಕ್ಕ ತಾನೇ ಸರಿಯಾಗುತ್ತದೆ. ಕ್ಯಾಲಿಬ್ರೇಷನ್ (ಮಾಡ್ಯೂಲ್ ತಾನೇ ಪೂರ್ತಿ ಓಟ ಅಳೆದುಕೊಳ್ಳುವುದು) ಅರ್ಧಕ್ಕೆ ವಿಫಲವಾದರೆ ಮಾತ್ರ ಯೋಚಿಸಿ. ಕೆಲವು ಮಾಡ್ಯೂಲ್‌ಗಳು ಮೋಟಾರ್ ಎಳೆಯುವ ವ್ಯಾಟ್ ಸೊನ್ನೆಗೆ ಬಿದ್ದಾಗ ತುದಿ ಬಂತು ಅಂದುಕೊಳ್ಳುತ್ತವೆ. ಲಿಮಿಟ್ ಸರಿಯಾಗಿ ಕಟ್ ಆಗದಿದ್ದರೆ ಅವಕ್ಕೆ ತುದಿ ಸಿಗುವುದೇ ಇಲ್ಲ.

ಕೊನೆಗೆ ವೈಫೈ

ಇಲ್ಲಿಯವರೆಗೆ ಎಲ್ಲ ಸರಿ ಇದ್ದು, ಗೋಡೆ ಸ್ವಿಚ್‌ಗೆ ಓಡಿ ಫೋನ್‌ಗೆ ಓಡದಿದ್ದರೆ ಮಾತ್ರ ಈ ಭಾಗ ಬೇಕು.

ಹೆಚ್ಚಿನ ಮಾಡ್ಯೂಲ್‌ಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, 5 ಗೊತ್ತಿಲ್ಲ. ರೂಟರ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟು ಜೋಡಿಸಿ. ಮಾಡ್ಯೂಲನ್ನು ಶಟರಿನ ತಗಡಿನ ಕವರ್ ಒಳಗೆ ತುರುಕಬೇಡಿ, ತಗಡು ಸಿಗ್ನಲ್ ತಡೆಯುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಗೋಡೆಯ ಮೇಲೆ ಇಡಿ. ಮಾಡ್ಯೂಲಿನ ಪುಟದಲ್ಲಿ ಸಿಗ್ನಲ್ ಮೈನಸ್ 65 ಡಿಬಿಎಂ ಆಸುಪಾಸು ಇದ್ದರೆ ಒಳ್ಳೆಯದು, ಮೈನಸ್ 80 ಆದರೆ ನಂಬಬೇಡಿ.

ಹೊರಗೆ ನಿಂತು ಮುಚ್ಚಿದ ಶಟರನ್ನು ತೆರೆಯಲು ಆಗುತ್ತಿಲ್ಲ, ಒಳಗಿನಿಂದ ಆಗುತ್ತದೆ ಅನ್ನುವ ದೂರಿಗೆ ಉತ್ತರ ಬಹಳ ಸಲ ಫೋನಿನಲ್ಲೇ ಇರುತ್ತದೆ. ಮುಚ್ಚಿದ ಶಟರ್ ಒಂದು ಕಬ್ಬಿಣದ ಗೋಡೆ. ಫೋನ್ ಒಳಗಿನ ವೈಫೈಯ ಕೊನೆಯ ಎಳೆಯನ್ನು ಹಿಡಿದುಕೊಂಡೇ ಇರುತ್ತದೆ. ಫೋನ್‌ನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಒತ್ತಿ ನೋಡಿ. ತೆರೆದರೆ ಬೇರೇನೂ ಕೆಟ್ಟಿಲ್ಲ.

ಕರೆಂಟ್ ಹೋಗಿ ಬಂದಾಗಲೆಲ್ಲ ಮಾಡ್ಯೂಲ್ ಆಫ್‌ಲೈನ್ ಆದರೆ ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಕೊಡಿ. ರೂಟರ್ ಎದ್ದೇಳಲು ಎರಡು ನಿಮಿಷ ಹಿಡಿಯುತ್ತದೆ, ಮಾಡ್ಯೂಲ್ ಅದಕ್ಕಿಂತ ಮುಂಚೆ ಎದ್ದು, ವೈಫೈ ಸಿಗದೆ ಹುಡುಕುವುದನ್ನೇ ಬಿಟ್ಟಿರುತ್ತದೆ. ಚೌಕ ಅಲೆಯ ಇನ್ವರ್ಟರ್ ಮೇಲೆ ಶಟರ್ ಮೋಟಾರ್ ಓಡಿಸಬೇಡಿ. ಅದು ಗುಂಯ್ ಅಂದು ಬಿಸಿಯಾಗುತ್ತದೆ.

ಹೊರಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಅಂಗಡಿಯವರನ್ನು ಹೊರಗೆ ನಿಲ್ಲಿಸಿ, ಶಟರ್ ಮುಚ್ಚಿ, ಎಂಸಿಬಿ ಇಳಿಸಿ. ಈಗ ಒಳಗೆ ಹೇಗೆ ಹೋಗುತ್ತೀರಿ ಅಂತ ಕೇಳಿ. ಕೈ ಚೈನ್ ಇರುವುದು ಒಳಗೆ. ಹಿಂದಿನ ಬಾಗಿಲು ಇಲ್ಲದ ಅಂಗಡಿಗಳು ಬ್ರೂಸ್‌ಪೇಟೆಯಲ್ಲಿ ಎಷ್ಟೋ ಇವೆ. ಅಂಥ ಕಡೆ ಹೊರಗಿನಿಂದ ಕೀಲಿ ಹಾಕಿ ಬ್ರೇಕ್ ಬಿಡಿಸುವ ವ್ಯವಸ್ಥೆ ಮಾಡದೆ ನಾನು ಬಿಲ್ ಬರೆಯುವುದಿಲ್ಲ. ಇನ್ನು ಕಾಣದ ಶಟರನ್ನು ದೂರದಿಂದ ಮುಚ್ಚುವ ಆಸೆ ಇದ್ದರೆ, ಕೆಳಗೆ ಮೊಣಕಾಲೆತ್ತರದಲ್ಲಿ ಇನ್‌ಫ್ರಾರೆಡ್ ಸೆನ್ಸರ್ ಜೋಡಿ ಹಾಕಿ, ಅದರ ಕಾಂಟ್ಯಾಕ್ಟನ್ನು ಕಂಟ್ರೋಲ್ ಬಾಕ್ಸಿಗೇ ಕೊಡಿ, ಆ್ಯಪ್‌ಗೆ ಅಲ್ಲ. ಆಮೇಲೆ ಕಿರಣದ ನಡುವೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟು ಮುಚ್ಚಿ ನೋಡಿ. ಇಳಿಯುತ್ತಿರುವ ಶಟರ್ ಪೆಟ್ಟಿಗೆ ಮುಟ್ಟುವ ಮುಂಚೆಯೇ ನಿಂತು ಮೇಲೆ ಹೋಗಬೇಕು.